ಅಂಗಡಿಗೆ ಹತ್ತು ಪ್ರಶ್ನೆ, ಷೇರಿಗೆ ಒಂದೂ ಇಲ್ಲ!

ಶ್ರೀಗಂಧದ ಕಾವಲಿನಲ್ಲಿ ಒಂದು ದಿನಸಿ ಅಂಗಡಿ ಕೈ ಬದಲಾಯಿಸುವುದೆಂದರೆ ಸಣ್ಣ ವ್ಯವಹಾರವಲ್ಲ. ಕೊಳ್ಳುವವನು ವಾರಗಟ್ಟಲೆ ಎದುರಿಗೆ ನಿಂತು ಗಿರಾಕಿಗಳನ್ನು ಎಣಿಸುತ್ತಾನೆ. ದಿನದ ವ್ಯಾಪಾರ ಎಷ್ಟು, ಉದ್ರಿ ಎಷ್ಟು, ಬಾಡಿಗೆ ಕರಾರು ಇನ್ನೆಷ್ಟು ವರ್ಷ, ಕಟ್ಟಡದ ಮಾಲೀಕರು ಎಂಥವರು, ಪಕ್ಕದಲ್ಲಿ ದೊಡ್ಡ ಮಾರ್ಟ್ ಬರುವ ಸುದ್ದಿ ಇದೆಯೇ ಎಂದೆಲ್ಲ ವಿಚಾರಿಸುತ್ತಾನೆ. “ಶೆಟ್ರೇ, ಲೆಕ್ಕದ ಪುಸ್ತಕ ಸ್ವಲ್ಪ ತೋರ್ಸಿ” ಎಂದು ಕೇಳುವುದಕ್ಕೆ ಸಂಕೋಚ ಪಡುವುದಿಲ್ಲ.

ಅದೇ ಮನುಷ್ಯ ಸುಂಕದಕಟ್ಟೆಯಲ್ಲಿ ಬಸ್ಸು ಹತ್ತಿ ಮೆಜೆಸ್ಟಿಕ್ ತಲಪುವುದರೊಳಗೆ, ಮೊಬೈಲಿಗೆ ಬಂದ ಒಂದು ಸಂದೇಶ ನೋಡಿ ಐವತ್ತು ಸಾವಿರ ರೂಪಾಯಿ ಷೇರು ಕೊಂಡುಬಿಡುತ್ತಾನೆ! ಕಂಪೆನಿ ಏನು ತಯಾರಿಸುತ್ತದೆ? ಗೊತ್ತಿಲ್ಲ. ಸಾಲ ಎಷ್ಟಿದೆ? ಗೊತ್ತಿಲ್ಲ. “ಮೂರು ತಿಂಗಳಲ್ಲಿ ಡಬಲ್ ಆಗತ್ತಂತೆ ಕಣಣ್ಣ” ಎಂಬುದೊಂದೇ ಆಧಾರ.

ಇದು ನಗುವ ವಿಷಯವಲ್ಲ. ಪೀಣ್ಯ, ಕಾಮಾಕ್ಷಿಪಾಳ್ಯದ ಶೆಡ್ಡುಗಳಲ್ಲಿ ಮೂವತ್ತು ವರ್ಷ ದುಡಿದವರ ಕೈಗೆ ಬರುವ ದೊಡ್ಡ ಮೊತ್ತ ಒಂದೇ: ಪಿ.ಎಫ್. ಮತ್ತು ಗ್ರಾಚ್ಯುಟಿ. ಅದು ಹೋದರೆ ಮತ್ತೆ ದುಡಿಯುವ ವಯಸ್ಸಿರುವುದಿಲ್ಲ.

ಷೇರೆಂದರೆ ಏನು? ನಡೆಯುತ್ತಿರುವ ಅಂಗಡಿಯ ಒಂದು ಪಾಲು, ಅಷ್ಟೇ. ಅಂಗಡಿಯನ್ನು ಅಳೆಯುವ ಸೇರಿನಿಂದಲೇ ಕಂಪೆನಿಯನ್ನೂ ಅಳೆಯಬೇಕು. ಎಲ್ಲ ಖರ್ಚು ಕಳೆದು ವರ್ಷಕ್ಕೆ 3 ಲಕ್ಷ ಉಳಿಯುವ ಅಂಗಡಿಗೆ 30 ಲಕ್ಷ ಕೇಳಿದರೆ ಲಾಭದ ಹತ್ತು ಪಟ್ಟು ಕೇಳಿದಂತಾಯಿತು. ಷೇರು ಪೇಟೆಯವರು ‘ಪಿ-ಇ’ ಎಂದು ದೊಡ್ಡ ದನಿಯಲ್ಲಿ ಹೇಳುವುದು ಇದನ್ನೇ. ಬ್ಯಾಂಕು ಶೇಕಡ 7 ಬಡ್ಡಿ ಕೊಟ್ಟರೆ, ಒಂದು ರೂಪಾಯಿ ವಾರ್ಷಿಕ ಆದಾಯಕ್ಕೆ ಸುಮಾರು 14 ರೂಪಾಯಿ ಇಟ್ಟಂತೆ. ಹೀಗಿರುವಾಗ ಒಂದು ಕಂಪೆನಿಯ ಒಂದು ರೂಪಾಯಿ ಲಾಭಕ್ಕೆ 60 ರೂಪಾಯಿ ಕೊಡುವವನು ಒಂದು ಪ್ರಶ್ನೆಗೆ ಉತ್ತರ ಹೇಳಬೇಕು: ಈ ಲಾಭ ಮುಂದೆ ಬೆಳೆಯುತ್ತದೆಂದು ನಂಬಲು ಕಾರಣವೇನು? ಕಾರಣವಿದ್ದರೆ ಕೊಡಲಿ. ಇಲ್ಲದಿದ್ದರೆ ಅದು ಲಾಟರಿ.

“ಐದು ರೂಪಾಯಿಗೇ ಸಿಗ್ತು, ಅಗ್ಗ” ಎನ್ನುವವರು ಬಹಳ. ಇದು ತೂಕ ಕೇಳದೆ ಬೆಲ್ಲ ಕೊಂಡಂತೆ. ಎಂ.ಆರ್.ಎಫ್. ಟೈರು ಕಂಪೆನಿಯ 10 ರೂಪಾಯಿ ಮುಖಬೆಲೆಯ ಒಂದು ಷೇರು 2023ರ ಜೂನ್‌ನಲ್ಲಿ ಒಂದು ಲಕ್ಷ ರೂಪಾಯಿ ದಾಟಿತು. ಹಾಗೆಂದು ಅದು ದುಬಾರಿ, ಐದು ರೂಪಾಯಿಯದು ಅಗ್ಗ ಎನ್ನಲಾಗದು. ಕಂಪೆನಿಯನ್ನು ಎಷ್ಟು ಪಾಲು ಮಾಡಿದ್ದಾರೆ, ಒಂದೊಂದು ಪಾಲಿಗೆ ಎಷ್ಟು ಲಾಭ ಬರುತ್ತದೆ ಎಂಬುದನ್ನು ನೋಡಿದ ಮೇಲೇ ಅಗ್ಗ-ದುಬಾರಿಯ ಮಾತು.

ಒಂದು ಕಾಲದಲ್ಲಿ ಈ ಲೆಕ್ಕವನ್ನು ಸರ್ಕಾರವೇ ಹಾಕುತ್ತಿತ್ತು. 1947ರ ಕಾಯಿದೆಯ ಪ್ರಕಾರ ಕಂಪೆನಿ ಹೊಸ ಷೇರು ಮಾರಬೇಕಾದರೆ ದಿಲ್ಲಿಯ ಬಂಡವಾಳ ನಿಯಂತ್ರಣಾಧಿಕಾರಿಯ ಅಪ್ಪಣೆ ಬೇಕಿತ್ತು. ಆಸ್ತಿ ಎಷ್ಟು, ಹಿಂದಿನ ವರ್ಷಗಳ ಲಾಭ ಎಷ್ಟು ಎಂದು ನೋಡಿ ಅವರು ಬೆಲೆಗೆ ಮಿತಿ ಹಾಕುತ್ತಿದ್ದರು. 1992ರಲ್ಲಿ ಆ ಕಾಯಿದೆ ಹೋಯಿತು. ಕಂಪೆನಿ ಕೇಳಿದ್ದೇ ಬೆಲೆ. ಕೊಡುವುದು ಬಿಡುವುದು ಜನರಿಗೆ ಬಿಟ್ಟದ್ದು. ಅಂದಿನಿಂದ ಲೆಕ್ಕ ಹಾಕುವ ಹೊಣೆ ಕೊಳ್ಳುವವನ ತಲೆಗೆ ಬಿತ್ತು. ಹೊಣೆ ಬಂತು, ಲೆಕ್ಕ ಕಲಿಸುವವರು ಬರಲಿಲ್ಲ!

ಅದೇ ಸಮಯದಲ್ಲಿ ಮುಂಬಯಿಯಲ್ಲಿ ಹರ್ಷದ್ ಮೆಹತಾ ಕುಣಿತ. ಎ.ಸಿ.ಸಿ. ಸಿಮೆಂಟ್ ಕಂಪೆನಿಯ ಷೇರು ಸುಮಾರು 200 ರೂಪಾಯಿಯಿಂದ 9,000ದ ಹತ್ತಿರಕ್ಕೆ ಹಾರಿತು. ಅದಕ್ಕೊಂದು ಸಿದ್ಧಾಂತವೂ ಇತ್ತು: ಇಂಥ ಕಾರ್ಖಾನೆಗಳನ್ನು ಇಂದು ಹೊಸದಾಗಿ ಕಟ್ಟಲು ಎಷ್ಟು ಬೇಕೋ ಅಷ್ಟು ಬೆಲೆ ಕೊಡಬಹುದಂತೆ. ಕೇಳಲು ಚೆನ್ನ. ಆದರೆ ಕಟ್ಟಲು 20 ಲಕ್ಷ ಹಿಡಿಯುವ ಹೋಟೆಲು ವರ್ಷಕ್ಕೆ 50 ಸಾವಿರ ದುಡಿದರೆ ಅದಕ್ಕೆ 20 ಲಕ್ಷ ಕೊಡುವ ಜಾಣ ಮಾಗಡಿ ರಸ್ತೆಯಲ್ಲಿ ಸಿಕ್ಕಾನೆಯೇ? ಪೇಟೆಯನ್ನು ಏರಿಸಿದ್ದು ಬ್ಯಾಂಕುಗಳ ಹಣವೆಂದು 1992ರಲ್ಲೇ ಬಯಲಾಯಿತು, ಬೆಲೆ ಕುಸಿಯಿತು.

ಹಾಗೆಂದು ಕಟ್ಟಡ, ಯಂತ್ರ ಇದ್ದರಷ್ಟೇ ಕಂಪೆನಿ ಎನ್ನುವುದೂ ತಪ್ಪು ಲೆಕ್ಕ. 1993ರಲ್ಲಿ ಬೆಂಗಳೂರಿನ ಇನ್ಫೋಸಿಸ್ ಕಂಪೆನಿ ಒಂದು ಷೇರಿಗೆ 95 ರೂಪಾಯಿಯಂತೆ ಜನರ ಮುಂದೆ ಬಂತು. ಸಾಫ್ಟ್‌ವೇರ್ ಎಂದರೇನೆಂದೇ ಬಹಳ ಮಂದಿಗೆ ತಿಳಿಯದ ಕಾಲ. ಪೂರ್ತಿ ಷೇರಿಗೆ ಗಿರಾಕಿ ಸಿಗಲಿಲ್ಲ. ವಿದೇಶಿ ಸಂಸ್ಥೆ ಮಾರ್ಗನ್ ಸ್ಟ್ಯಾನ್ಲಿ ಒಂದು ಭಾಗ ಎತ್ತಿಕೊಂಡಿತು. ಅಂದು 9,500 ರೂಪಾಯಿ ಹಾಕಿ 100 ಷೇರು ಕೊಂಡು ಮಾರದೆ ಇಟ್ಟವರ ಬಳಿ, ಬೋನಸ್ಸು ಮತ್ತು ವಿಭಜನೆ ಸೇರಿ 2018ರ ಹೊತ್ತಿಗೆ 1,02,400 ಷೇರುಗಳಾದವು. ಊರಿನ ಮಾಲು, ಬೆಲೆ ಕಂಡದ್ದು ಹೊರಗಿನವರಿಗೆ!

ಆದರೆ ಈ ಕಥೆಯನ್ನೇ ಹೇಳಿ ಷೇರು ಮಾರುವವರು ಹರಿಹರದ ಕಥೆ ಹೇಳುವುದಿಲ್ಲ. 1941ರಲ್ಲಿ ಹುಟ್ಟಿದ ಮೈಸೂರು ಕಿರ್ಲೋಸ್ಕರ್ ಲೇತುಗಳ ಹೆಸರು ಪೀಣ್ಯದ ಹಳೇ ಮಿಸ್ತ್ರಿಗಳಿಗೆ ಗೊತ್ತು. ಯಂತ್ರ ಗಟ್ಟಿ, ಹೆಸರು ದೊಡ್ಡದು. ಆದರೂ ಕಂಪೆನಿ ಉಳಿಯಲಿಲ್ಲ. ಮಾಲು ಚೆನ್ನಾಗಿರುವುದು ಬೇರೆ, ಸಾಲ ತೀರಿಸಿ ಲಾಭ ಉಳಿಸುವುದು ಬೇರೆ.

ಹೆಸರಿನ ಬೆಲೆಗೆ ಇನ್ನೊಂದು ಪಾಠ ಬೆಂಗಳೂರಿನದೇ. ಕಿಂಗ್‌ಫಿಷರ್ ವಿಮಾನಗಳು 2012ರಲ್ಲಿ ನಿಂತವು. ಹೆಸರು ಮತ್ತು ಗುರುತನ್ನೂ ಅಡವಿಟ್ಟುಕೊಂಡು ಬ್ಯಾಂಕುಗಳು ಸಾಲ ಕೊಟ್ಟಿದ್ದವು. 2016ರಲ್ಲಿ ಅದನ್ನು ಹರಾಜಿಗೆ ಇಟ್ಟರೆ ಒಬ್ಬನೂ ಕೂಗಲಿಲ್ಲ! ಲೆಕ್ಕದ ಪುಸ್ತಕದಲ್ಲಿ ಬರೆದ ಬೆಲೆ, ಕೊಳ್ಳುವವನಿಲ್ಲದಿದ್ದರೆ ಶಾಯಿ ಮಾತ್ರ. 2009ರ ಜನವರಿಯಲ್ಲಿ ಹೈದರಾಬಾದಿನ ಸತ್ಯಂ ಕಂಪೆನಿಯ ಅಧ್ಯಕ್ಷರೇ ಒಪ್ಪಿಕೊಂಡಂತೆ, ಪುಸ್ತಕದಲ್ಲಿದ್ದ 5,040 ಕೋಟಿ ರೂಪಾಯಿ ನಗದು ಗಲ್ಲಾದಲ್ಲಿ ಇರಲೇ ಇಲ್ಲ. ಆದ್ದರಿಂದ ಲಾಭ ಎಷ್ಟೆಂದು ಕೇಳಿದರೆ ಸಾಲದು. ಆ ಲಾಭ ಕಾಸಾಗಿ ಬಂತೋ, ಉದ್ರಿಯಲ್ಲೇ ಉಳಿಯಿತೋ ಎಂದೂ ಕೇಳಬೇಕು. ಕಂಪೆನಿ ಪ್ರತಿವರ್ಷ ಪ್ರಕಟಿಸುವ ವರದಿಯಲ್ಲಿ ನಗದಿನ ಪಟ್ಟಿ ಬೇರೆಯಾಗಿಯೇ ಇರುತ್ತದೆ.

ಜೆ.ಸಿ. ರಸ್ತೆಯ ಬಳಿ ಇದ್ದ ಬೆಂಗಳೂರು ಷೇರು ವಿನಿಮಯ ಕೇಂದ್ರ 2014ರ ಕೊನೆಗೆ ಬಾಗಿಲು ಹಾಕಿತು. ಆದರೆ ಷೇರು ಪೇಟೆ ಪ್ರತಿಯೊಬ್ಬರ ಜೇಬಿಗೇ ಬಂದು ಕೂತಿದೆ. ಷೇರು ಕೊಳ್ಳುವುದು ಹೋಗಿ, ಬೆಲೆ ಏರುತ್ತದೋ ಇಳಿಯುತ್ತದೋ ಎಂದು ಪಣ ಕಟ್ಟುವ ‘ಫ್ಯೂಚರ್ಸ್-ಆಪ್ಷನ್ಸ್’ ಆಟವೂ ಬಂದಿದೆ. ಪೇಟೆಯ ಕಾವಲು ಸಂಸ್ಥೆ ಸೆಬಿ 2024ರ ಸೆಪ್ಟೆಂಬರ್‌ನಲ್ಲಿ ಕೊಟ್ಟ ಲೆಕ್ಕ ಕೇಳಿ: ಮೂರು ವರ್ಷಗಳಲ್ಲಿ ಈ ಆಟಕ್ಕಿಳಿದ ಸಾಮಾನ್ಯ ಜನರಲ್ಲಿ ನೂರಕ್ಕೆ 93 ಮಂದಿ ಕಳೆದುಕೊಂಡರು. ಒಟ್ಟು ನಷ್ಟ 1.8 ಲಕ್ಷ ಕೋಟಿ ರೂಪಾಯಿಗೂ ಹೆಚ್ಚು! ಯಾವ ಮಟ್ಕಾ ಅಡ್ಡೆ ಇಷ್ಟು ನುಂಗಿದೆ?

ತಪ್ಪು ಕೊಳ್ಳುವವನದೇ ಎಂದು ಕೈ ತೊಳೆದುಕೊಳ್ಳಲಾಗದು. ಮಾರುವವರ ಕರೆ ಅಚ್ಚ ಕನ್ನಡದಲ್ಲಿ ಬರುತ್ತದೆ. ಎಚ್ಚರಿಕೆಯ ಮಾತು ಮಾತ್ರ ನೂರಾರು ಪುಟಗಳ ಇಂಗ್ಲಿಷಿನಲ್ಲಿ! ಹೊಸ ಷೇರಿನ ವಿವರಗಳನ್ನು ವಿಡಿಯೋ ಮಾಡಿ ತೋರಿಸಬೇಕೆಂದು ಸೆಬಿ 2024ರಲ್ಲಿ ಒಳ್ಳೆಯ ನಿಯಮವನ್ನೇ ತಂದಿತು. ಆದರೆ ಅದರಲ್ಲಿ ಹೇಳಿದ ಭಾಷೆ ಎರಡೇ: ಇಂಗ್ಲಿಷ್ ಮತ್ತು ಹಿಂದಿ. ಕನ್ನಡಿಗರ ಕಾಸು ಬೇಕು, ಕನ್ನಡ ಬೇಡವೇ? ಕಂಪೆನಿಯ ಕಸುಬು, ಲಾಭ, ನಗದು, ಸಾಲ, ಕೇಳುವ ಬೆಲೆ, ಇಷ್ಟನ್ನು ಎರಡು ಪುಟದ ಸರಳ ಕನ್ನಡದಲ್ಲಿ ಕೊಡುವುದನ್ನು ಕಡ್ಡಾಯ ಮಾಡಬೇಕು. ಪೀಣ್ಯದ ಕಾರ್ಮಿಕ ಸಂಘಗಳು, ವರ್ತಕರ ಸಂಘಗಳು ಇದಕ್ಕೆ ಒತ್ತಾಯ ತರಬೇಕು.

ಅಲ್ಲಿಯವರೆಗೆ ಕಾವಲಿನ ಜನಕ್ಕೆ ಅವರ ಊರಿನ ಹೆಸರೇ ಬುದ್ಧಿ ಹೇಳುತ್ತದೆ. ಗಂಧದ ಮರಕ್ಕೆ ಬೆಲೆ ಬರುವುದು ಎತ್ತರದಿಂದಲ್ಲ, ಒಳಗಿನ ಚೇಗಿನಿಂದ. ಚೇಗು ಎಷ್ಟಿದೆ ಎಂದು ನೋಡದೆ ಮರಕ್ಕೆ ದುಡ್ಡು ಕೊಡುವವರಿಲ್ಲ. ಷೇರಿಗೂ ಅಷ್ಟೇ. ಅಂಗಡಿಗೆ ಕೇಳುವ ಹತ್ತು ಪ್ರಶ್ನೆಗಳಲ್ಲಿ ಐದನ್ನಾದರೂ ಕೇಳಿ, ಉತ್ತರ ಸಿಗದಿದ್ದರೆ ಮೊಬೈಲು ಜೇಬಿಗೆ ಹಾಕಿಕೊಂಡು ಸುಮ್ಮನೆ ಬಸ್ಸು ಇಳಿಯುವುದೇ ಮೇಲು.