ಗೋಡೆಯ ಮೇಲೆ ಯಾರ ಮುಖ?

ಚನ್ನಗಿರಿಯಿಂದ ಜಗಳೂರಿನವರೆಗೆ ಯಾವ ಕಿರಾಣಿ ಅಂಗಡಿಗಾದರೂ ಹೋಗಿ ನೋಡಿ. ಗಲ್ಲಾಪೆಟ್ಟಿಗೆಯ ಮೇಲೆ ದೇವರ ಪಟ. ಅದರ ಪಕ್ಕದಲ್ಲಿ ತೀರಿಹೋದ ಯಜಮಾನರ ಭಾವಚಿತ್ರ, ಅದಕ್ಕೊಂದು ಹಾರ. ಅದೇ ಅಂಗಡಿಗೆ ಮೂವತ್ತು ವರ್ಷ ಮೂಟೆ ಹೊತ್ತ ಹಮಾಲನ ಮುಖ ಅಲ್ಲಿರುವುದಿಲ್ಲ. ಗೋಡೆಯ ಮೇಲೆ ಜಾಗ ಸಿಗದವನಿಗೆ ಸಮಾಜದಲ್ಲಿಯೂ ಜಾಗ ಸಿಗುವುದಿಲ್ಲ.

ಆಫ್ರಿಕದಿಂದ ಗುಲಾಮರಾಗಿ ಅಮೆರಿಕಕ್ಕೆ ಸಾಗಿಸಲ್ಪಟ್ಟವರ ಸಂತತಿ ಇಂದು ಕುಂಚ ಹಿಡಿದು ಈ ಜಾಗವನ್ನೇ ಕೇಳುತ್ತಿದೆ. ಏಮಿ ಶೆರಾಲ್ಡ್ ಎಂಬ ಕಪ್ಪು ಚಿತ್ರಕಾರ್ತಿ ಬರೆದ ಮಿಶೆಲ್ ಒಬಾಮ ಅವರ ಭಾವಚಿತ್ರ 2018ರಲ್ಲಿ ವಾಷಿಂಗ್ಟನ್ನಿನ ರಾಷ್ಟ್ರೀಯ ಭಾವಚಿತ್ರ ಶಾಲೆಯನ್ನು ಸೇರಿತು. 2020ರಲ್ಲಿ ಅದೇ ಕೈ ಬ್ರಿಯೋನಾ ಟೇಲರಳನ್ನು ಬರೆಯಿತು. ಆಕೆ ಲೂಯಿವಿಲ್ ನಗರದಲ್ಲಿ, ತನ್ನ ಮನೆಯಲ್ಲಿಯೇ, ಪೊಲೀಸರ ಗುಂಡಿಗೆ ಬಲಿಯಾದ 26 ವರ್ಷದ ಆಸ್ಪತ್ರೆ ನೌಕರಳು. ಅಧ್ಯಕ್ಷರ ಮಡದಿಗೆ ಸಂದ ಗೌರವವೇ ದುಡಿಯುವ ಹೆಣ್ಣಿಗೂ ಸಂದಿತು.

ಅಮೆರಿಕದ ಮಾತು ನಮಗೇಕೆ ಎನ್ನುವವರುಂಟು. ಅವರು ಬಿಜಾಪುರದ ಕಡೆ ತಿರುಗಲಿ. ಸುಮಾರು 1645ರಲ್ಲಿ ಹೈದರ್ ಅಲಿ, ಇಬ್ರಾಹಿಂ ಖಾನ್ ಎಂಬ ಚಿತ್ರಕಾರರು ಸುಲ್ತಾನ ಮಹಮ್ಮದ್ ಆದಿಲ್ ಶಾಹನನ್ನು ಆನೆಯ ಮೇಲೆ ಬರೆದರು. ಅದೇ ಆನೆಯ ಮೇಲೆ, ಸುಲ್ತಾನನ ಬೆನ್ನ ಹಿಂದೆ ಕುಳಿತವನು ಆಫ್ರಿಕ ಮೂಲದ ಇಖ್ಲಾಸ್ ಖಾನ್, ಆ ದರ್ಬಾರಿನ ಪ್ರಬಲ ಅಧಿಕಾರಿ. ಕೈಯಲ್ಲಿ ಅರ್ಜಿ ಹಿಡಿದ ಅವನ ಇನ್ನೊಂದು ಚಿತ್ರ ಅಮೆರಿಕದ ಸ್ಯಾನ್ ಡಿಯಾಗೋ ಸಂಗ್ರಹಾಲಯದಲ್ಲಿದೆ. ಚಿತ್ರದಿಂದ ಅವಮಾನವನ್ನೂ ಮಾಡಬಹುದು. ಗುಲಾಮನಾಗಿ ಬಂದು ಅಹಮದ್‌ನಗರದ ರಾಜ್ಯವನ್ನು ಕಾಯ್ದ ಮಲಿಕ್ ಅಂಬರನನ್ನು ರಣರಂಗದಲ್ಲಿ ಮುಗಿಸಲಾರದ ಜಹಾಂಗೀರ್ ಬಾದಶಹ, ಅವನ ಕಡಿದ ತಲೆಗೆ ತಾನು ಬಾಣ ಬಿಡುವಂತೆ ಚಿತ್ರ ಬರೆಸಿಕೊಂಡ!

ನಮ್ಮ ತಪ್ಪನ್ನೂ ಒಪ್ಪಿಕೊಳ್ಳುತ್ತೇವೆ. ಶಾಲೆಯಲ್ಲಿ ಮೇಷ್ಟರಾಗಿದ್ದಾಗ ಮಹಮ್ಮದ್ ಆದಿಲ್ ಶಾಹನ ಗೋಳಗುಮ್ಮಟದ ಪಾಠವನ್ನು ವರ್ಷವರ್ಷವೂ ಹೇಳಿದೆವು. ಅವನ ಹಿಂದೆ ಕುಳಿತವನ ಹೆಸರನ್ನು ಒಮ್ಮೆಯೂ ಹೇಳಲಿಲ್ಲ. ನಮಗೂ ಯಾರೂ ಹೇಳಿರಲಿಲ್ಲ.

ಆಫ್ರಿಕ ಮೂಲದ ಸಿದ್ದಿ ಜನರು ಇಂದಿಗೂ ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲದ ಕಾಡಂಚಿನಲ್ಲಿದ್ದಾರೆ. ಇವರಲ್ಲಿ ಅನೇಕರ ಹಿರಿಯರು ಪೋರ್ಚುಗೀಸರು ಗೋವೆಗೆ ತಂದ ಗುಲಾಮರು. ತಪ್ಪಿಸಿಕೊಂಡು ಘಟ್ಟ ಹತ್ತಿದವರು. ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಲು 2003ರವರೆಗೆ ಕಾಯಬೇಕಾಯಿತು. 2020ರಲ್ಲಿ ಶಾಂತಾರಾಮ ಸಿದ್ದಿಯವರು ವಿಧಾನ ಪರಿಷತ್ತಿಗೆ ನಾಮಕರಣಗೊಂಡರು. ಆದರೂ ಕನ್ನಡ ಮಾತಾಡುವ ಈ ಜನರನ್ನು ಬಸ್ಸಿನಲ್ಲಿ "ಯಾವ ದೇಶದವರು?" ಎಂದು ಕೇಳುವವರಿದ್ದಾರೆ. ಕುಣಿತದ ಫೋಟೋ ತೆಗೆದುಕೊಂಡು ಹೋಗುವವರು ಕುಣಿದವರ ಹೆಸರು ಕೇಳುವುದಿಲ್ಲ. ಹೆಸರಿಲ್ಲದ ಮುಖ ಭಾವಚಿತ್ರವಲ್ಲ, ಬರಿಯ ತಮಾಷೆ.

ಆದ್ದರಿಂದ ನಮ್ಮ ಒತ್ತಾಯ ಇಷ್ಟೇ: ಇಖ್ಲಾಸ್ ಖಾನನ ಚಿತ್ರ ಹೆಸರಿನೊಡನೆ ನಮ್ಮ ಮಕ್ಕಳ ಪಠ್ಯಪುಸ್ತಕಕ್ಕೆ ಬರಲಿ. ಸಿದ್ದಿ ತರುಣ ತರುಣಿಯರು ತಮ್ಮವರ ಚಿತ್ರವನ್ನು ತಾವೇ ಬರೆಯುವಂತೆ ಸರ್ಕಾರ ಚಿತ್ರಕಲಾ ಶಿಕ್ಷಣಕ್ಕೆ ವಿದ್ಯಾರ್ಥಿವೇತನ ಕೊಡಲಿ.

ಸರ್ಕಾರಕ್ಕೆ ಹೇಳಿದ ಮಾತು ನಮಗೂ ಸಲ್ಲಬೇಕು. ನಮ್ಮ ಕಚೇರಿಯ ಗೋಡೆಯ ತುಂಬ ನಾಯಕರ ಪಟಗಳೇ ಇವೆ. ಹೊನ್ನಾಳಿಯ ಅಕ್ಕಿ ಗಿರಣಿಯಲ್ಲಿ, ನ್ಯಾಮತಿಯ ಸಂತೆಯಲ್ಲಿ ಬೆನ್ನು ಬಗ್ಗಿಸಿದವರ ಒಂದು ಮುಖವೂ ಇಲ್ಲ. ಮೊದಲ ಮೊಳೆಯನ್ನು ನಾವೇ ಹೊಡೆಯೋಣ.