ಜೊತೆಗೆ ಯಾರು?

ಮಂಗಳೂರಿಗೆ ನಾವೆಲ್ಲ ಹೋಗಿದ್ದೇವೆ, ಊರು ನೋಡಿದವರು ಕಡಿಮೆ. ಏಳೆಂಟು ಮಂದಿ ಒಟ್ಟಿಗೆ ಬಸ್ಸು ಹತ್ತುತ್ತೇವೆ. ಮಾಲ್, ಸಿನಿಮಾ, ಐಸ್‌ಕ್ರೀಂ ಮುಗಿಸಿ ವಾಪಸ್. ಗುಂಪಿನಲ್ಲಿ ಹೋದರೆ ನಾವು ನೋಡುವುದು ನಮ್ಮ ಗುಂಪನ್ನೇ.

ಮಳೆಗಾಲ ಕಳೆದ ಮೇಲೆ ಒಂದು ರಜಾದಿನ ಒಬ್ಬರೇ ಹೋಗಿ, ನಡೆದೇ ನೋಡಿ. ಸ್ಟೇಟ್‌ಬ್ಯಾಂಕ್‌ನಲ್ಲಿ ಬಸ್ಸಿಳಿದರೆ ಹಳೇ ಬಂದರು ಹತ್ತಿರವೇ. ದಕ್ಕೆಯಲ್ಲಿ ಬೋಟುಗಳಿಂದ ಮೀನು ಇಳಿಸುವುದನ್ನು ನೋಡುತ್ತ ನಿಂತರೆ ಯಾರೂ ‘ಬೇಗ ಬಾ ಮಾರಾಯ’ ಅನ್ನೋದಿಲ್ಲ. ಅಲ್ಲಿಂದ ಸುಲ್ತಾನ್ ಬತ್ತೇರಿ, ದೋಣಿಯಲ್ಲಿ ಫಲ್ಗುಣಿ ದಾಟಿದರೆ ತಣ್ಣೀರುಬಾವಿಯ ಕಡಲು. ನಮ್ಮ ನೆರಿಯ ಹೊಳೆಯ ನೀರೂ ನೇತ್ರಾವತಿ ಸೇರಿ, ಫಲ್ಗುಣಿಯ ಜೊತೆ ಒಂದೇ ಅಳಿವೆಯಲ್ಲಿ ಸಮುದ್ರಕ್ಕೆ ಹೋಗುತ್ತದೆ. ಇನ್ನೊಂದು ದಿನ ಜೆಪ್ಪುವಿನ ಕಡೆ ನಡೆಯಿರಿ. 1865ರಲ್ಲಿ ಬಾಸೆಲ್ ಮಿಷನ್ನಿನವರು ಅಲ್ಲಿ ಹಂಚಿನ ಕಾರ್ಖಾನೆ ಹಾಕಿದರು. ಹಂಚಿಗೆ ಬೇಕಾದ ಆವೆಮಣ್ಣು, ಸಾಗಿಸಲು ನೀರಿನ ದಾರಿ, ಎರಡನ್ನೂ ಕೊಟ್ಟದ್ದು ನದಿ. ನಮ್ಮ ಅಜ್ಜಿಮನೆಗಳ ಮಾಡಿನ ಕಥೆ ಶುರುವಾಗುವುದು ಅಲ್ಲಿಂದ. ಯಾವ ಸಿಲೆಬಸ್ಸಿನಲ್ಲೂ ಇದು ನಮಗೆ ಸಿಕ್ಕಿಲ್ಲ.

ಆದರೆ ಒಂದು ಮಾತು ಹೇಳಲೇಬೇಕು. ಹುಡುಗ ಹೊರಟರೆ ಮನೆಯಲ್ಲಿ ‘ಊಟಕ್ಕೆ ಬರ್ತೀಯಾ?’ ಅಂತ ಕೇಳ್ತಾರೆ. ಹುಡುಗಿ ಹೊರಟರೆ ‘ಜೊತೆಗೆ ಯಾರು?’ ಅಂತ. ಹಾಸ್ಟೆಲ್ಲಿನಲ್ಲೂ ಅದೇ ಪ್ರಶ್ನೆ. ನಾಲ್ಕು ವರ್ಷ ಓದಿ, ಕ್ಯಾಂಪಸ್ ಸೆಲೆಕ್ಷನ್ ಆದ ಮೇಲೆ ಗೊತ್ತಿಲ್ಲದ ಊರಿಗೆ ಒಬ್ಬಳನ್ನೇ ಕಳಿಸುವವರು, ಹಾಡುಹಗಲು ನಮ್ಮದೇ ಜಿಲ್ಲೆಯ ಪೇಟೆಯಲ್ಲಿ ನಡೆಯಲು ಯಾಕೆ ಹೆದರಬೇಕು? ಹೆದರಿಕೆ ಸುಳ್ಳು ಅಂತ ನಾವು ಹೇಳುತ್ತಿಲ್ಲ. ನಡೆಯುವ ಹೆಣ್ಣುಮಕ್ಕಳು ಹೆಚ್ಚಾದಷ್ಟೂ ಅದು ಕಡಿಮೆಯಾಗುತ್ತದೆ ಎನ್ನುತ್ತಿದ್ದೇವೆ.

‘ಜೊತೆಗೆ ಯಾರೂ ಇಲ್ಲ, ನಾನೇ.’ ಈ ಉತ್ತರ ಸಾಕಾಗಬೇಕು.