ಕಂಪನಿ ಕಟ್ಟಿದ ಊರು, ದೇಶಕ್ಕೆ ಬಂದ ಬಿಲ್ಲು

ನೂರು ರೂಪಾಯಿ ವ್ಯಾಪಾರಕ್ಕೆ ಒಂದೇ ಒಂದು ರೂಪಾಯಿ ತೆರಿಗೆ. ಸಂಬಳದ ಮೇಲೆ ಐದು ಪರ್ಸೆಂಟು. ಮಾರಾಟದ ಮೇಲೆ ಎರಡೂವರೆ. ಇಂಥ ಊರೊಂದಿದೆ ಅಂದ್ರೆ ಯಾವ ಅಂಗಡಿಯವನಿಗೆ ಬಾಯಲ್ಲಿ ನೀರೂರೋದಿಲ್ಲ?

ಊರು ಇದೆ. ಮಧ್ಯ ಅಮೆರಿಕದ ಹೊಂಡುರಾಸ್ ದೇಶಕ್ಕೆ ಸೇರಿದ ರೊವಾಟಾನ್ ದ್ವೀಪದಲ್ಲಿ. ಹೆಸರು ಪ್ರೋಸ್ಪೆರಾ. ಅದೇ ದೇಶದ ಉಳಿದ ಕಡೆ ಅಂಗಡಿ ಇಟ್ಟವನು ಶೇಕಡ 15 ಮಾರಾಟ ತೆರಿಗೆ ವಸೂಲು ಮಾಡಿ ಕಟ್ಟಬೇಕು, ಕಂಪನಿಗಳು ಲಾಭದಲ್ಲಿ ಶೇಕಡ 25 ಕೊಡಬೇಕು. ಬೇಲಿಯ ಈಚೆಗೊಂದು ನ್ಯಾಯ, ಆಚೆಗೊಂದು ನ್ಯಾಯ.

ಬರೀ ತೆರಿಗೆ ರಿಯಾಯಿತಿಯಾಗಿದ್ದರೆ ಇಷ್ಟು ಗಲಾಟೆ ಆಗುತ್ತಿರಲಿಲ್ಲ. ಭಾರತದಲ್ಲೂ 2005ರ ಕಾಯ್ದೆ ಪ್ರಕಾರ ವಿಶೇಷ ಆರ್ಥಿಕ ವಲಯಗಳಿವೆ, ಅಲ್ಲೂ ತೆರಿಗೆ ಬಿಟ್ಟುಕೊಟ್ಟಿದ್ದಾರೆ. ಆದರೆ ಅಲ್ಲಿ ಜಗಳ ಬಂದರೆ ಹೋಗಬೇಕಾದ್ದು ದೇಶದ ಕೋರ್ಟಿಗೇ. ಪ್ರೋಸ್ಪೆರಾದಲ್ಲಿ ಹಾಗಲ್ಲ. ಕ್ರಿಮಿನಲ್ ಕಾನೂನು ಮಾತ್ರ ಹೊಂಡುರಾಸಿನದು. ವ್ಯವಹಾರದ ತಕರಾರು ಬಂದರೆ ತೀರ್ಮಾನ ಹೇಳೋದು ಅಮೆರಿಕದ ಅರಿಜೋನಾ ರಾಜ್ಯದ ನಿವೃತ್ತ ಜಡ್ಜುಗಳು. ಧಂಧೆ ನಡೆಸುವವನು ಮೂವತ್ತಕ್ಕೂ ಹೆಚ್ಚು ದೇಶಗಳ ಕಟ್ಟಳೆಗಳಲ್ಲಿ ತನಗೆ ಒಗ್ಗುವುದನ್ನು ಆರಿಸಿಕೊಳ್ಳಬಹುದು, ಥೇಟ್ ಹೋಟೆಲಿನ ತಿಂಡಿ ಪಟ್ಟಿ ನೋಡಿ ಆರ್ಡರ್ ಮಾಡಿದ ಹಾಗೆ! ಆಡಳಿತ ಮಂಡಳಿಯಲ್ಲಿ ಒಂಬತ್ತು ಮಂದಿ. ಐವರು ಚುನಾವಣೆಯಿಂದ, ನಾಲ್ವರು ಕಂಪನಿಯಿಂದ. ಮೂರನೇ ಎರಡು ಭಾಗ ಕೈ ಎತ್ತದೆ ಏನೂ ಪಾಸಾಗೋದಿಲ್ಲ. ಅಂದ್ರೆ ಆರು ಕೈ ಬೇಕು. ಆರಿಸಿ ಬಂದವರು ಐದೇ ಜನ. ಕಂಪನಿ ಬೇಡ ಅಂದ್ರೆ ಬೇಡ.

ಈ ಯೋಚನೆ ಹುಟ್ಟಿದ್ದು ಕೆಟ್ಟ ಉದ್ದೇಶದಿಂದ ಅಂತ ಹೇಳಲಾಗದು. ಬಡದೇಶಗಳಲ್ಲಿ ಒಳ್ಳೆಯ ಕಾನೂನಿನ ಹೊಸ ಪಟ್ಟಣ ಕಟ್ಟಿದರೆ ಜನ ತಾವಾಗಿಯೇ ಅಲ್ಲಿಗೆ ಬಂದು ಉದ್ಧಾರವಾಗುತ್ತಾರೆ ಅಂತ 2009ರಲ್ಲಿ ಅರ್ಥಶಾಸ್ತ್ರಿ ಪಾಲ್ ರೋಮರ್ ಹೇಳಿದರು. 2018ರಲ್ಲಿ ಬೇರೆ ಕೆಲಸಕ್ಕಾಗಿ ನೊಬೆಲ್ ಪಡೆದ ಮಹಾಶಯರು. ಕೊಲೆ, ಲಂಚ, ನಿರುದ್ಯೋಗದಿಂದ ಸೊರಗಿದ್ದ ಹೊಂಡುರಾಸ್ ಆ ಮಾತಿಗೆ ಕಿವಿಗೊಟ್ಟಿತು. ಕೊನೆಗೆ ವ್ಯವಹಾರ ತೆರೆಮರೆಯಲ್ಲಿ ನಡೆಯುತ್ತಿದೆ ಅಂತ 2012ರಲ್ಲಿ ರೋಮರ್ ಸಾಹೇಬರೇ ಕೈ ತೊಳೆದುಕೊಂಡು ಹೊರಟುಹೋದರು.

ಮುಂದೆ ನಡೆದದ್ದು ಸ್ವಾರಸ್ಯ. 2012ರ ಅಕ್ಟೋಬರಿನಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಈ ಕಾನೂನು ಸಂವಿಧಾನಕ್ಕೆ ವಿರುದ್ಧ ಅಂತ ಹೊಡೆದುಹಾಕಿತು. ಸಂವಿಧಾನ ಪೀಠದ ಐವರಲ್ಲಿ ನಾಲ್ವರು ವಿರುದ್ಧ, ಒಬ್ಬರು ಪರ. ಎರಡು ತಿಂಗಳಲ್ಲಿ ಸಂಸತ್ತು ಬೆಳಗಿನ ಜಾವ ಸಭೆ ನಡೆಸಿ ಆ ನಾಲ್ವರನ್ನೂ ಮನೆಗೆ ಕಳಿಸಿತು! ಹೇಳಿದ ಕಾರಣ ಪೊಲೀಸ್ ಇಲಾಖೆ ಶುದ್ಧೀಕರಣದ ಇನ್ನೊಂದು ತೀರ್ಪು. ಪರ ನಿಂತ ಐದನೆಯವರು ಮಾತ್ರ ಉಳಿದುಕೊಂಡರು, ಮರುವರ್ಷ ದೇಶದ ಅಟಾರ್ನಿ ಜನರಲ್ಲೂ ಆದರು. 2013ರಲ್ಲಿ ಹೊಸ ಹೆಸರಿನಲ್ಲಿ ಕಾನೂನು ಮತ್ತೆ ಬಂತು. ಆಗ ಸಂಸತ್ತಿನ ಅಧ್ಯಕ್ಷ ಪೀಠದಲ್ಲಿದ್ದವರು ಹುವಾನ್ ಒರ್ಲಾಂಡೊ ಹೆರ್ನಾಂಡೆಸ್. 2014ರಲ್ಲಿ ದೇಶಾಧ್ಯಕ್ಷರಾದರು. ಕೊಕೇನ್ ಸಾಗಣೆ ಕೇಸಿನಲ್ಲಿ 2024ರಲ್ಲಿ ಅಮೆರಿಕದ ಕೋರ್ಟು ಅವರಿಗೆ 45 ವರ್ಷ ಶಿಕ್ಷೆ ಹಾಕಿತು. 2025ರ ಡಿಸೆಂಬರಿನಲ್ಲಿ ಟ್ರಂಪ್ ಕ್ಷಮೆ ಕೊಟ್ಟು ಬಿಡಿಸಿದರು. ಆ ಕಥೆಯೇ ಬೇರೆ, ಇರಲಿ.

ಊರಿನ ಪಕ್ಕದಲ್ಲೇ ಕ್ರಾಫಿಶ್ ರಾಕ್ ಎಂಬ ಹಳ್ಳಿ. ಇಂಗ್ಲಿಷ್ ಮಾತಾಡುವ ಕಪ್ಪು ಜನ, ಮೀನು ಹಿಡಿದು ತಲೆತಲಾಂತರದಿಂದ ಬದುಕಿದವರು. ಯೋಜನೆಗೆ ಬೇಕಾದರೆ ಸರ್ಕಾರ ಖಾಸಗಿ ಜಮೀನನ್ನು ವಶಪಡಿಸಿಕೊಳ್ಳಬಹುದು ಅಂತ ಕಾನೂನಿನಲ್ಲೇ ಬರೆದಿತ್ತು. ಬಲವಂತದ ಜಾಗ ನಮಗೆ ಬೇಡ ಅಂತ ಕಂಪನಿ ಹೇಳಿತು. ಆ ಮಾತನ್ನು ಮೀರಿದ ದಾಖಲೆ ಇಲ್ಲ, ಕೆಲಸ ಕೊಟ್ಟದ್ದೂ ಸುಳ್ಳಲ್ಲ. ಆದರೆ ಕಾಗದದಲ್ಲಿ ಒಂದು, ಬಾಯಿಮಾತಿನಲ್ಲಿ ಇನ್ನೊಂದು ಇದ್ದಾಗ ಗುಡಿಸಲು ಕಟ್ಟಿಕೊಂಡವನಿಗೆ ನಿದ್ದೆ ಬರುತ್ತದೆಯೇ?

ಈ ವಲಯಗಳನ್ನು ತೆಗೆಯುತ್ತೇವೆ ಅಂತ ಓಟು ಕೇಳಿದ ಶಿಯೊಮಾರಾ ಕಾಸ್ತ್ರೊ 2022ರ ಜನವರಿಯಲ್ಲಿ ಅಧ್ಯಕ್ಷೆಯಾದರು. ಏಪ್ರಿಲಿನಲ್ಲಿ ಸಂಸತ್ತು ಕಾನೂನನ್ನು ರದ್ದು ಮಾಡಿತು, ಒಂದೇ ಒಂದು ವಿರೋಧ ಮತ ಇಲ್ಲದೆ. ಕಾನೂನು ತಂದ ಪಕ್ಷದವರೂ ಕೈ ಎತ್ತಿದರು!

ಡಿಸೆಂಬರಿನಲ್ಲಿ ಬಿಲ್ಲು ಬಂತು. ಐವತ್ತು ವರ್ಷ ಕಾನೂನು ಬದಲಾಗದು ಅಂತ ಭರವಸೆ ಕೊಟ್ಟಿದ್ದಿರಿ, ಮಾತು ತಪ್ಪಿದ್ದೀರಿ ಅಂತ ವಾಷಿಂಗ್ಟನ್ನಿನಲ್ಲಿ ವಿಶ್ವಬ್ಯಾಂಕಿಗೆ ಸೇರಿದ ಪಂಚಾಯ್ತಿ ಕಟ್ಟೆಯಲ್ಲಿ ಕಂಪನಿ ಕೇಸು ಹಾಕಿತು. ಕೇಳಿದ ಮೊತ್ತ ಸುಮಾರು 1,077 ಕೋಟಿ ಡಾಲರ್. ರೂಪಾಯಿ ಅಲ್ಲ, ಡಾಲರ್. ಆ ದೇಶದ ಜನಸಂಖ್ಯೆ ಒಂದು ಕೋಟಿ ಚಿಲ್ಲರೆ. ತಲೆಗೆ ಹತ್ತಿರ ಹತ್ತಿರ ಸಾವಿರ ಡಾಲರ್ ಬಿತ್ತು, ತೊಟ್ಟಿಲ ಕೂಸಿಗೂ ಸೇರಿ. ಕಂಪನಿ ನಿಜವಾಗಿ ಹಾಕಿದ ದುಡ್ಡು ಇದರಲ್ಲಿ ಸಣ್ಣ ಪಾಲು. ಉಳಿದದ್ದು ಮುಂದೆ ಬರಬಹುದಿದ್ದ ಲಾಭ. ಮಳಿಗೆ ಖಾಲಿ ಮಾಡಿಸಿದ ಮಾಲೀಕನ ಮೇಲೆ ಬಾಡಿಗೆದಾರ ಐವತ್ತು ವರ್ಷದ ವ್ಯಾಪಾರದ ಲಾಭ ಕೇಳಿದ ಹಾಗೆ.

ಕಂಪನಿಯ ವಾದದಲ್ಲಿ ಹುರುಳಿಲ್ಲ ಅನ್ನೋಕಾಗದು. ಸರ್ಕಾರದ ಸಹಿ ನಂಬಿ ದುಡ್ಡು ಹಾಕಿದವನಿಗೆ ನಾಲ್ಕೇ ವರ್ಷಕ್ಕೆ ಬಾಗಿಲು ಮುಚ್ಚು ಅಂದ್ರೆ ಯಾರಾದರೂ ಕೇಸು ಹಾಕುತ್ತಾರೆ. ಆದರೆ ಜಡ್ಜುಗಳನ್ನು ಓಡಿಸಿ ಬರೆಸಿದ ಕಾನೂನು ಎಷ್ಟು ದಿನ ಬಾಳೀತು ಅಂತ ಲೆಕ್ಕ ಹಾಕಬೇಕಾದ್ದು ದುಡ್ಡು ಹಾಕುವವನ ಕೆಲಸ ಅಲ್ಲವೇ? ತೂತು ದೋಣಿ ಹತ್ತಿದವನು ಮುಳುಗಿದ ಮೇಲೆ ನದಿಯ ಮೇಲೆ ದಾವಾ ಹೂಡಿದರೆ?

ಹೊಂಡುರಾಸ್ ಸರ್ಕಾರದ ಆಟವೂ ಜಾಣತನದ್ದಲ್ಲ. 2024ರ ಆಗಸ್ಟಿನಲ್ಲಿ ಆ ಪಂಚಾಯ್ತಿ ಕಟ್ಟೆಯ ಸದಸ್ಯತ್ವವನ್ನೇ ಬಿಟ್ಟಿತು. ಹಾಕಿದ ಕೇಸು ಅದರಿಂದ ಬಿದ್ದುಹೋಗಲಿಲ್ಲ. ಮುಂದಿನ ತಿಂಗಳು ಸುಪ್ರೀಂ ಕೋರ್ಟು ಈ ವಲಯಗಳು ಹುಟ್ಟಿದಾಗಿನಿಂದಲೇ ಅಸಿಂಧು ಅಂತ ತೀರ್ಪು ಕೊಟ್ಟಿತು. ಮೊದಲು ನಮ್ಮ ಕೋರ್ಟಿಗೆ ಬರಬೇಕಿತ್ತು ಅಂತ ಸರ್ಕಾರ ಎತ್ತಿದ ಆಕ್ಷೇಪವನ್ನು ಪಂಚಾಯ್ತಿದಾರರು 2025ರ ಫೆಬ್ರವರಿಯಲ್ಲಿ ತಳ್ಳಿಹಾಕಿದರು. ತೀರ್ಪು ಏನೇ ಇರಲಿ, ಪ್ರೋಸ್ಪೆರಾ ಬಾಗಿಲು ಹಾಕಲಿಲ್ಲ. ಅದರ ಹದಿನಾಲ್ಕು ಅಂತಸ್ತಿನ ಕಟ್ಟಡ ದ್ವೀಪಕ್ಕೇ ಎತ್ತರದ್ದು.

2025ರ ನವೆಂಬರ್ ಚುನಾವಣೆಯಲ್ಲಿ ಗೆದ್ದವರು ನಾಸ್ರಿ ಅಸ್ಫುರಾ. ಕಾನೂನು ತಂದ ನ್ಯಾಷನಲ್ ಪಕ್ಷದವರೇ. ಅಷ್ಟು ದೊಡ್ಡ ಬಿಲ್ಲು ಎದುರಿಗಿಟ್ಟುಕೊಂಡ ಸರ್ಕಾರ ರಾಜಿ ಮಾತು ಎತ್ತಿದರೆ ಆಶ್ಚರ್ಯವಿಲ್ಲ. ರಾಜಿಗೆ ಕೂರುವವರು ಸರ್ಕಾರದ ವಕೀಲರು, ಕಂಪನಿಯ ವಕೀಲರು. ಬೇಲಿಗೆ ತಾಗಿಕೊಂಡಿರುವ ಕ್ರಾಫಿಶ್ ರಾಕ್‌ನವರು ಆ ಕೇಸಿನಲ್ಲಿ ವಾದಿಯೂ ಅಲ್ಲ, ಪ್ರತಿವಾದಿಯೂ ಅಲ್ಲ.